ಮಣ್ಣು–ನೀರಿನ ಪರೀಕ್ಷೆ ಹಾಲಿನ ಡೈರಿಯಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಗ್ರಾಮ ಮಟ್ಟದಲ್ಲಿ ಮಣ್ಣು ಪರೀಕ್ಷಾ ಪ್ರಯೋಗಾಲಯ ತೆರೆಯಲು ಸ್ವಸಹಾಯ ಸಂಘಗಳಿಗೂ ಗ್ರಾಮೀಣ ಯುವಕರಿಗೂ ಅವಕಾಶ ನೀಡುವ ಕೇಂದ್ರ ಸರ್ಕಾರದ ಮಾರ್ಗಸೂಚಿ 2023ರಲ್ಲಿ ಹೊರಬಂದಿದೆ. ಅಂದಿನಿಂದ ನಮ್ಮ ಭಾಗದ ರೈತ ಸಭೆಗಳಲ್ಲಿ ಈ ವಿಷಯ ಆಗಾಗ ಪ್ರಸ್ತಾಪವಾಗುತ್ತಿದ್ದರೂ ಮಾತು ಪ್ರತಿಸಲವೂ ಕಟ್ಟಡ ಎಲ್ಲಿ, ಯಂತ್ರ ಯಾವುದು, ಅನುದಾನ ಎಷ್ಟು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ವೃತ್ತಿಯಿಂದ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದು, ಈಗ ಮದ್ದೂರು ತಾಲ್ಲೂಕಿನ ನಾಲೆಯ ಕೊನೆ ಭಾಗದಲ್ಲಿ ಭತ್ತ, ಕಬ್ಬು ಬೆಳೆಯುತ್ತಿರುವ ನನಗೆ ಕಾಣುವುದೇ ಬೇರೆ. ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಲ್ಲಿ ಪರೀಕ್ಷೆ ಮಾಡುವ ಜಾಗಗಳ ಕೊರತೆ ಅಷ್ಟಾಗಿ ಇಲ್ಲ. ಗದ್ದೆಯಿಂದ ಪ್ರಯೋಗಾಲಯಕ್ಕೆ ಮಾದರಿ ಸರಿಯಾಗಿ ತಲುಪುವ ದಾರಿ ಇಲ್ಲ, ಅಲ್ಲಿಂದ ಫಲಿತಾಂಶವು ರೈತ ಗೊಬ್ಬರ ಕೊಳ್ಳುವ ಮುನ್ನ ಅವನ ಕೈಗೆ ಮರಳುವ ದಾರಿಯೂ ಇಲ್ಲ. ಈ ಎರಡು ದಾರಿಗಳನ್ನು ಹೊಸದಾಗಿ ಮಾಡಬೇಕಾಗಿಲ್ಲ, ಹಾಲಿನ ಡೈರಿಗಳ ರೂಪದಲ್ಲಿ ಅವು ಊರೂರಿನಲ್ಲಿ ಈಗಾಗಲೇ ಇವೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಅಧಿಕಾರಿಗಳ ಗಮನಕ್ಕೆ ತರಬಯಸುತ್ತೇನೆ.

ಮೈಸೂರು ಸೀಮೆಗೆ ಮಣ್ಣಿನ ರಸಾಯನಶಾಸ್ತ್ರ ಹೊಸದಲ್ಲ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು, ಡಾ. ಲೇಮನ್ ಎಂಬ ವಿಜ್ಞಾನಿಯನ್ನು ನೇಮಿಸಿ, ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಪ್ರಯೋಗಾಲಯದಲ್ಲಿ ಪರಿಶೀಲಿಸುವ ಕೆಲಸಕ್ಕೆ ಚಾಲನೆ ಕೊಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಎಲ್ಲವೂ ನಮ್ಮ ಸುತ್ತಲೇ ಇವೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಜಿಲ್ಲೆ ಜಿಲ್ಲೆಗಳ ಮಣ್ಣನ್ನು ಪರೀಕ್ಷಿಸಿ, ಸಾರಜನಕ, ರಂಜಕ, ಪೊಟ್ಯಾಷ್ ಎಂದಷ್ಟೇ ಯೋಚಿಸುತ್ತಿದ್ದ ನಮಗೆ ಸತು, ಬೋರಾನ್, ಗಂಧಕಗಳ ಕೊರತೆಯನ್ನೂ ತೋರಿಸಿಕೊಟ್ಟರು. ಇಷ್ಟೆಲ್ಲ ಇದ್ದೂ ನಮ್ಮೂರಿನ ಹತ್ತು ಜನರನ್ನು ಕೇಳಿದರೆ ತಮ್ಮ ಗದ್ದೆಯ ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಎಂದು ತಿಳಿಸುವ ಪಿಎಚ್ ಅಂಕಿ) ಎಷ್ಟೆಂದು ಹೇಳಬಲ್ಲವರು ಒಬ್ಬಿಬ್ಬರು ಸಿಕ್ಕಾರು. ತಮ್ಮ ಹಸುವಿನ ಹಾಲಿನ ಫ್ಯಾಟು ಇವತ್ತು ಬೆಳಿಗ್ಗೆ ಎಷ್ಟು ಬಂತೆಂದು ಹತ್ತು ಜನರೂ ಹೇಳುತ್ತಾರೆ.

ಇದಕ್ಕೆ ಕಾರಣವೇನೆಂದು ಸ್ವಲ್ಪ ನಿಧಾನವಾಗಿ ನೋಡಬೇಕು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನುಗಾರಿಕೆ ಅಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಯ ಸಂಘದಲ್ಲೇ ಹಾಲನ್ನು ಪರೀಕ್ಷಿಸುವ ಪದ್ಧತಿ ಬಂತು. ಪ್ರಯೋಗಾಲಯವನ್ನು ಜಿಲ್ಲಾ ಕೇಂದ್ರದಲ್ಲಿ ಕಟ್ಟಿ ರೈತನೇ ಹಾಲಿನ ಚೊಂಬು ಹಿಡಿದುಕೊಂಡು ಬರಲೆಂದು ಯಾರೂ ಕಾಯಲಿಲ್ಲ. ಮೊದಲು ಗರ್ಬರ್ ವಿಧಾನದ ಗಾಜಿನ ಕೊಳವೆಗಳು, ಆಮೇಲೆ ವಿದ್ಯುನ್ಮಾನ ಯಂತ್ರಗಳು ಊರಿನ ಸಂಘದ ಮೇಜಿನ ಮೇಲೇ ಬಂದು ಕುಳಿತವು. ಪರೀಕ್ಷೆ ಮಾಡುವವನು ಊರಿನವನೇ, ಫಲಿತಾಂಶ ಸಿಗುವುದು ಆ ಕ್ಷಣದಲ್ಲೇ, ಬಟವಾಡೆಯ ಹಣ ಹೆಚ್ಚು ಕಡಿಮೆಯಾಗುವುದು ಅದರ ಮೇಲೆಯೇ. ಅಕ್ಷರ ಬಾರದ ಹೆಂಗಸರೂ ಚೀಟಿಯ ಮೇಲಿನ ಫ್ಯಾಟು, ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ನೋಡಿ, ಹಿಂಡಿ ಹೆಚ್ಚಿಸಬೇಕೋ ಹಸಿಮೇವು ಕಡಿಮೆ ಮಾಡಬೇಕೋ ಎಂದು ತೀರ್ಮಾನಿಸುತ್ತಾರೆ, ಅನುಮಾನ ಬಂದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಲ್ಲೂ ಇಂಥದೇ ತಿಳಿವಳಿಕೆ ಇದೆ. ಎಲೆಯಲ್ಲಿ ಕ್ಲೋರೈಡ್ ಹೆಚ್ಚಾದರೆ ಅದು ಸರಿಯಾಗಿ ಉರಿಯುವುದಿಲ್ಲ, ಹರಾಜಿನಲ್ಲಿ ಬೆಲೆ ಬೀಳುತ್ತದೆ ಎಂದು ಗೊತ್ತಿರುವುದರಿಂದ ಅವರು ಪೊಟ್ಯಾಷ್‌ನಲ್ಲಿ ಕ್ಲೋರೈಡ್ ರೂಪದ್ದನ್ನು ಬಿಟ್ಟು ಸಲ್ಫೇಟ್ ರೂಪದ್ದನ್ನೇ ಕೇಳಿ ಕೊಳ್ಳುತ್ತಾರೆ. ಹಣಕ್ಕೆ ನೇರವಾಗಿ ತಗಲುವ ರಸಾಯನಶಾಸ್ತ್ರವನ್ನು ನಮ್ಮ ರೈತ ಎಂದೂ ಕಷ್ಟವೆಂದು ದೂರವಿಟ್ಟಿಲ್ಲ.

ಮಣ್ಣು ಆರೋಗ್ಯ ಕಾರ್ಡಿನ ಯೋಜನೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದು ಎಲ್ಲಿ ಸಡಿಲವಾಯಿತೆಂಬುದು ತಿಳಿಯುತ್ತದೆ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಈ ಯೋಜನೆಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ಪಟ್ಟಿಯಲ್ಲಿ ಕೊರತೆಯಿಲ್ಲ. ಆದರೆ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೊಂದು ಮಾದರಿ ತೆಗೆಯುವುದೆಂದು ನಿಯಮ ಮಾಡಿದರು. ಎರಡೂವರೆ ಹೆಕ್ಟೇರೆಂದರೆ ಆರು ಎಕರೆಗೂ ಮೇಲು. ಮಂಡ್ಯದ ನಾಲಾ ಬಯಲಿನಲ್ಲಿ ಅಷ್ಟು ನೆಲದಲ್ಲಿ ಆರೇಳು ಕುಟುಂಬಗಳ ಹಿಡುವಳಿ ಇರುವುದು ಸಾಮಾನ್ಯ; ಒಬ್ಬರದು ಏರಿಯ ಮೇಲಿನ ಕೆಂಪು ಮರಳು ಮಣ್ಣು, ಇನ್ನೊಬ್ಬರದು ತಗ್ಗಿನಲ್ಲಿ ಸದಾ ಜೌಗು, ಒಬ್ಬರು ವರ್ಷ ವರ್ಷ ಕೊಟ್ಟಿಗೆ ಗೊಬ್ಬರ ಹೊಡೆಯುತ್ತಾರೆ, ಮತ್ತೊಬ್ಬರು ಕಬ್ಬಿನ ರವದಿ ಸುಟ್ಟು ಕೂಳೆ ಬಿಡುತ್ತಾರೆ. ಒಂದೇ ಮಾದರಿಯ ಅಂಕಿಗಳು ಇಷ್ಟೂ ಜನರ ಹೆಸರಿನ ಕಾರ್ಡುಗಳಲ್ಲಿ ಅಚ್ಚಾದಾಗ ಅವರು ಅದನ್ನು ಪಹಣಿಯ ಜೊತೆ ಬೀರುವಿಗೆ ಸೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದೇಶದ ಮಣ್ಣಿನ ಸ್ಥೂಲ ನಕ್ಷೆ ತಯಾರಿಸಲು ಆ ಅಳತೆ ಸಾಕು. ಒಬ್ಬ ರೈತ ಈ ವರ್ಷ ಎಷ್ಟು ಮೂಟೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಕೊಳ್ಳಬೇಕು ಎಂದು ಹೇಳಲು ಸಾಲದು. ಈ ಎರಡು ಕೆಲಸಗಳು ಬೇರೆ ಬೇರೆ ಎಂಬುದನ್ನು ಯೋಜನೆ ರೂಪಿಸಿದವರು ರೈತರಿಗೆ ಹೇಳಬೇಕಾಗಿತ್ತು.

ಮಾದರಿ ತೆಗೆಯುವ ಕೆಲಸವನ್ನು ನಾವು ಎಷ್ಟು ಹಗುರವಾಗಿ ಕಾಣುತ್ತೇವೆಂದರೆ ಅದನ್ನು ಯಾರೋ ಒಬ್ಬರು ಮಧ್ಯಾಹ್ನದೊಳಗೆ ಮುಗಿಸಿ ಬರಲಿ ಎನ್ನುತ್ತೇವೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರ ಪರವಾಗಿ ಪ್ರಯೋಗಾಲಯಕ್ಕೆ ಹೋಗುವುದು ಅರ್ಧ ಕಿಲೋ, ಅದರಲ್ಲೂ ಸಾವಯವ ಇಂಗಾಲದ ಪರೀಕ್ಷೆಗೆ ತೂಗಿಕೊಳ್ಳುವುದು ಒಂದು ಗ್ರಾಮಿನಷ್ಟು. ಬದುವಿನ ಪಕ್ಕದಿಂದಲೋ ತಿಪ್ಪೆ ಹಾಕಿದ್ದ ಜಾಗದಿಂದಲೋ ಮರದ ನೆರಳಿನಿಂದಲೋ ಒಂದು ಹಿಡಿ ಬಾಚಿ ತಂದರೆ ಮುಂದೆ ಎಂಥ ದುಬಾರಿ ಯಂತ್ರವೂ ಆ ತಪ್ಪನ್ನು ತಿದ್ದಲಾರದು. ಎಕರೆಗೆ 15–20 ಕಡೆ ಹಾವಿನ ಹಾದಿಯಂತೆ ಅಂಕುಡೊಂಕಾಗಿ ನಡೆದು, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಗುಂಡಿ ತೋಡಿ, ಗುಂಡಿಯ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಸಮನಾದ ಪದರ ಕೆರೆದು, ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಬೇಕು. ಬಕೆಟ್ಟು ಸತುವಿನ ಲೇಪವಿರುವ ತಗಡಿನದಾದರೆ ಸತುವಿನ ಅಂಕಿಯೇ ಕೆಟ್ಟುಹೋಗುತ್ತದೆ. ಭತ್ತ, ರಾಗಿಗೆ 15 ಸೆಂಟಿಮೀಟರ್ ಆಳ ಸಾಕು, ಕಬ್ಬಿಗೆ ಇನ್ನೂ ಆಳಕ್ಕೆ ಹೋಗಬೇಕು, ತೆಂಗಿನ ತೋಟವಾದರೆ ಮೂರು ಅಡಿಯವರೆಗೆ ಪದರ ಪದರವಾಗಿ ಬೇರೆ ಚೀಲಗಳಲ್ಲಿ ತೆಗೆಯಬೇಕು. ಇದು ಕಷ್ಟದ ವಿದ್ಯೆಯಲ್ಲ, ಆದರೆ ಕೈಕೆಲಸ. ಕರಪತ್ರ ಓದಿ ಬರುವುದಿಲ್ಲ, ಒಬ್ಬರು ಗದ್ದೆಯಲ್ಲಿ ನಿಂತು ತೋರಿಸಬೇಕು. ಪ್ರತಿ ಹಾಲು ಸಂಘದಲ್ಲಿ ಹಾಲು ಪರೀಕ್ಷಿಸುವ ಹುಡುಗ ಅಥವಾ ಹುಡುಗಿಗೆ ಈ ಕೆಲಸ ಕಲಿಸಿ, ಚೀಲವೊಂದಕ್ಕೆ ಇಷ್ಟು ಎಂದು ಗೌರವಧನ ಗೊತ್ತುಮಾಡಿದರೆ ಊರಿನ ಸರ್ವೆ ನಂಬರುಗಳನ್ನೂ ತಗ್ಗು ದಿಣ್ಣೆಗಳನ್ನೂ ಬಲ್ಲ ಒಬ್ಬರು ಸಿಕ್ಕಂತಾಗುತ್ತದೆ. ಥಾಯ್ಲೆಂಡಿನಲ್ಲಿ ಹಳ್ಳಿಯ ರೈತರನ್ನೇ ತರಬೇತುಗೊಳಿಸಿ ಮಣ್ಣಿನ ವೈದ್ಯರೆಂದು ನಿಯೋಜಿಸುವ ಪದ್ಧತಿ ಹಿಂದಿನಿಂದ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದೇ ಬಗೆಯ ಕಾರ್ಯಕ್ರಮವನ್ನು 2020ರಲ್ಲಿ ಬೇರೆ ದೇಶಗಳಿಗೂ ವಿಸ್ತರಿಸಲು ಹೊರಟಿತು. ನಮಗೆ ಅಂಥವರನ್ನು ಹುಡುಕುವ ಶ್ರಮವೂ ಇಲ್ಲ.

ಸಾಗಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ ದಿನವೂ ವಾಹನ ಹೋಗುತ್ತದೆ. ಹಾಲಿನ ಜೊತೆ ಮಣ್ಣು ಬೇಡವೆಂಬ ಆಕ್ಷೇಪ ನ್ಯಾಯವಾದದ್ದೇ. ಪಶು ಆಹಾರದ ಮೂಟೆ ಇಳಿಸಿ ಖಾಲಿ ಹಿಂದಿರುಗುವ ಲಾರಿಗಳಲ್ಲಿ ಅದನ್ನು ಕಳಿಸಬಹುದು.

ನೀರಿನ ಪರೀಕ್ಷೆಯ ಬಗ್ಗೆ ಮಾತ್ರ ವಿವರವಾಗಿ ಬರೆಯಲೇಬೇಕು, ಏಕೆಂದರೆ ಮಣ್ಣಿನ ಕಾರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿದು ಕೆಲವು ದಿನ ನಿಂತು, ಬರುವ ಕೊನೆ ಭಾಗಗಳಲ್ಲಿ, ಮದ್ದೂರು, ಮಳವಳ್ಳಿಯ ಕಡೆ, ಜನ ಕೊಳವೆ ಬಾವಿಯ ನೀರನ್ನು ಸೇರಿಸಿಕೊಂಡೇ ಬೇಸಾಯ ಮಾಡುತ್ತಾರೆ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗಿಂತ ಬೈಕಾರ್ಬೋನೇಟ್ ಹೆಚ್ಚಾಗಿದ್ದರೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಡುತ್ತದೆ, ಉಳಿದ ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತದೆ, ಕೆಲವು ವರ್ಷಗಳಲ್ಲಿ ಆ ನೆಲ ಮಳೆಗೆ ಅಂಟಾಗಿ ಬಿಸಿಲಿಗೆ ಕಲ್ಲಾಗುತ್ತದೆ. ರಸಸಾರ ಎಂಟೂವರೆಯನ್ನು ದಾಟುತ್ತಿದ್ದಂತೆ ಸತು, ಕಬ್ಬಿಣಗಳು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಭತ್ತದ ಗರಿಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು, ಕಬ್ಬಿನಲ್ಲಿ ಬಿಳಿಚಿದ ಸುಳಿ ಕಾಣಿಸಿಕೊಂಡಾಗ ರೈತ ರೋಗವೆಂದುಕೊಂಡು ಔಷಧಿ ಅಂಗಡಿಗೆ ಓಡುತ್ತಾನೆ. ದಶಕಗಳಿಂದ ಡಿಎಪಿ ಸುರಿದು ರಂಜಕ ಕೂಡಿಬಿದ್ದಿರುವ ಗದ್ದೆಗಳಲ್ಲಿ ಸತುವಿನ ಕೊರತೆ ಇನ್ನೂ ಹೆಚ್ಚು ಕಾಡುತ್ತದೆ. ಇಂಥ ಕಡೆ ಮಣ್ಣಿನ ವರದಿಯನ್ನಷ್ಟೇ ನೋಡಿ ಜಿಂಕ್ ಸಲ್ಫೇಟ್ ಹಾಕೆಂದು ಹೇಳುವುದು ಅರ್ಧ ಚಿಕಿತ್ಸೆ; ಕೇಡಿನ ಮೂಲ ಪಂಪಿನಲ್ಲಿ ಬರುತ್ತಿರುತ್ತದೆ.

ನೀರಿನ ಈ ಗುಣವನ್ನು ಉಳಿಕೆ ಸೋಡಿಯಂ ಕಾರ್ಬೋನೇಟ್ ಎಂಬ ಒಂದು ಅಂಕಿಯಿಂದ ಅಳೆಯುತ್ತಾರೆ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್‌ಗಿಂತ (ರಸಾಯನಶಾಸ್ತ್ರದ ಒಂದು ಅಳತೆ) ಕಡಿಮೆಯಿದ್ದರೆ ಭಯವಿಲ್ಲ, 2.5 ದಾಟಿದರೆ ಹಾಗೆಯೇ ಹಾಯಿಸುವುದು ನೆಲಕ್ಕೆ ಹಾನಿ. ಪರಿಹಾರ ಕ್ಯಾಲ್ಸಿಯಂ ಒದಗಿಸುವ ಜಿಪ್ಸಂ, ಈ ಅಂಕಿಯಲ್ಲಿ ಒಂದೊಂದು ಮಿಲಿ ಈಕ್ವಿವಲೆಂಟ್ ಇಳಿಸಲು ಸಾವಿರ ಲೀಟರ್ ನೀರಿಗೆ ಸುಮಾರು 86 ಗ್ರಾಂ ಶುದ್ಧ ಜಿಪ್ಸಂ ಬೇಕು. ಲೆಕ್ಕ ಇಷ್ಟು ನಿಖರವಾಗಿರುವಾಗ ನಮ್ಮಲ್ಲಿ ನಡೆಯುತ್ತಿರುವುದೇನು? ಗದ್ದೆಯಲ್ಲಿ ಬಿಳಿ ಪೊರೆ ಕಂಡ ಕೂಡಲೇ ಚೌಳು ಎಂದು ಜಿಪ್ಸಂ ಮೂಟೆ ತಂದು ಎರಚುತ್ತಾರೆ. ಆ ಬಿಳಿ ಪೊರೆ ಬಹಳ ಸಲ ಬರೀ ಲವಣ. ಅದಕ್ಕೆ ಬೇಕಾದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರಿನಿಂದ ತೊಳೆಯುವುದು, ಜಿಪ್ಸಂ ಅಲ್ಲ. ಅಂತರ್ಜಲ ಮೇಲಕ್ಕೇರಿ ನಿಂತಿರುವ ತಗ್ಗಿನ ಗದ್ದೆಗೆ ಬಸಿಗಾಲುವೆ ಇಲ್ಲದೆ ಏನು ಹಾಕಿದರೂ ಹಾಳೇ. ಲವಣದ ಚೌಳೋ ಕ್ಷಾರದ ಚೌಳೋ ಎಂಬುದನ್ನು ಕಣ್ಣಿನಿಂದ ಖಚಿತವಾಗಿ ಹೇಳಲಾಗದು. ಲವಣ ಎಷ್ಟಿದೆಯೆಂದು ತಿಳಿಸುವ ವಿದ್ಯುತ್ ವಾಹಕತೆ ಮತ್ತು ರಸಸಾರ ಎರಡನ್ನೂ ಅಳೆಯಲೇಬೇಕು, ಅವೆರಡನ್ನೂ ಅಂಗೈಯಲ್ಲಿ ಹಿಡಿಯುವ ಮೀಟರುಗಳಿಂದ ಡೈರಿಯ ಮೇಜಿನ ಮೇಲೆಯೇ ಅಳೆಯಬಹುದು. ಹಿಪ್ಪುನೇರಳೆ ತೋಟಗಳಿಗೆ ಹನಿ ನೀರಾವರಿ ಅಳವಡಿಸಿದವರು ಪೈಪಿನ ತೂತುಗಳಲ್ಲಿ ಸುಣ್ಣ ಕಟ್ಟಿಕೊಂಡು ಪಡುವ ಪಾಡನ್ನೂ ಇಲ್ಲಿ ಸೇರಿಸಬೇಕು. ಸಹಾಯಧನದ ಅರ್ಜಿಯ ಜೊತೆ ನೀರಿನ ವರದಿಯನ್ನೂ ಕೇಳುವುದು ಒಳ್ಳೆಯದು.

ನೀರಿನ ಇಂಥ ಅಂಕಿಗಳನ್ನು ಕಂಡುಹಿಡಿಯಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ ಎಂಬುದನ್ನು ಒಬ್ಬ ರಸಾಯನಶಾಸ್ತ್ರದ ಮೇಷ್ಟರಾಗಿ ಒತ್ತಿ ಹೇಳುತ್ತೇನೆ. ಕಾರ್ಬೋನೇಟ್ ಮತ್ತು ಬೈಕಾರ್ಬೋನೇಟ್‌ಗೆ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲ, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ತಲೀನ್, ಮೀಥೈಲ್ ಆರೆಂಜ್; ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಇಡಿಟಿಎ ಎಂಬ ರಾಸಾಯನಿಕದ ದ್ರಾವಣ; ಕ್ಲೋರೈಡ್‌ಗೆ ಸಿಲ್ವರ್ ನೈಟ್ರೇಟ್. ಇವಿಷ್ಟೂ ಬ್ಯುರೆಟ್ಟು, ಪಿಪೆಟ್ಟಿನ ಕೆಲಸ, ನಮ್ಮ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಮಾಡಬಹುದಾದದ್ದು. ವಿದ್ಯಾರ್ಥಿಗಳಿಗೆ ಗಡಸು ನೀರಿನ ಪ್ರಯೋಗ ಮಾಡಿಸಲು ನಲ್ಲಿಯ ನೀರು ಕೊಡುವ ಬದಲು ಅವರವರ ಊರಿನ ಕೊಳವೆ ಬಾವಿಯ ನೀರನ್ನೇ ಕೊಡಬಾರದೇಕೆ? ಅಧ್ಯಾಪಕರು ಪರಿಶೀಲಿಸಿ ಸಹಿ ಮಾಡಿದ ವರದಿ ರೈತನಿಗೆ ಹೋಗಲಿ, ಮಕ್ಕಳ ದಾಖಲೆ ಪುಸ್ತಕಕ್ಕೂ ಅದೇ ಅಂಕಿ ಬೀಳಲಿ. ನೀರಿನ ಮಾದರಿ ತೆಗೆಯುವುದೂ ಸರಳ: ಪಂಪನ್ನು ಕಾಲು ಗಂಟೆಯಾದರೂ ಓಡಿಸಿ, ಶುಭ್ರವಾದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು, ಗಾಳಿಗೆ ಜಾಗವಿಲ್ಲದಂತೆ ತುಂಬಿ, ಒಂದು ದಿನದೊಳಗೆ ತಲುಪಿಸಬೇಕು. ದಿನವೂ ವಾಹನ ಓಡಾಡುವ ದಾರಿ ಬೇಕೆಂದು ನಾನು ಹೇಳುವುದು ಈ ಗಡುವಿಗಾಗಿಯೂ ಹೌದು.

ಸತು, ಬೋರಾನ್ ಮುಂತಾದ ಸೂಕ್ಷ್ಮ ಪೋಷಕಾಂಶಗಳ ಪರೀಕ್ಷೆ ಮಾತ್ರ ಜಿಲ್ಲಾ ಮಟ್ಟದ ಸುಸಜ್ಜಿತ ಪ್ರಯೋಗಾಲಯದಲ್ಲೇ ಆಗಬೇಕು. ಸತು, ಕಬ್ಬಿಣದಂಥ ಲೋಹಗಳನ್ನು ಅಳೆಯಲು ಬಳಸುವ ಪರಮಾಣು ಹೀರಿಕೆಯ ಯಂತ್ರಕ್ಕೆ ಅಸಿಟಿಲೀನ್ ಅನಿಲ ಬೇಕು, ಸಾಮಾನ್ಯವಾಗಿ ಒಂದೊಂದು ಧಾತುವಿಗೆ ಒಂದೊಂದು ದೀಪ ಬೇಕು, ಶುದ್ಧ ನೀರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಬಲ್ಲ ಕಾಯಂ ಸಿಬ್ಬಂದಿ ಬೇಕು. ಬೋರಾನ್ ಅಳೆಯುವವರು ಬೋರೋಸಿಲಿಕೇಟ್ ಗಾಜಿನ ಪಾತ್ರೆ ಬಳಸಿದರೆ ಗಾಜಿನ ಬೋರಾನೇ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ನೌಕರನಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು? ಅಭಿವೃದ್ಧಿಶೀಲ ದೇಶಗಳಲ್ಲಿ ದಾನಿಗಳು ಕೊಟ್ಟ ಯಂತ್ರಗಳು ದೂಳು ತಿನ್ನುವುದಕ್ಕೆ ಕಾರಣ ಹೆಚ್ಚಾಗಿ ಇದೇ: ಯಂತ್ರ ಕೊಳ್ಳಲು ಹಣವಿರುತ್ತದೆ, ರಾಸಾಯನಿಕ, ದುರಸ್ತಿ, ಸಂಬಳಗಳಿಗೆ ಮೂರನೆಯ ವರ್ಷ ಹಣವಿರುವುದಿಲ್ಲ. ಕಿರಣ ಬೀರಿ ಕ್ಷಣಾರ್ಧದಲ್ಲಿ ಮಣ್ಣನ್ನು ಓದುವ ಕೈಯಳತೆಯ ಸ್ಕ್ಯಾನರುಗಳ ಪ್ರಚಾರವೂ ಈಚೆಗೆ ಜೋರಾಗಿದೆ. ಸಾವಯವ ಇಂಗಾಲ, ಜೇಡಿಯ ಪ್ರಮಾಣಗಳನ್ನು ಅವು ತಕ್ಕಮಟ್ಟಿಗೆ ಅಂದಾಜು ಮಾಡುತ್ತವೆ. ಬೆಳೆಗೆ ದೊರಕುವ ರಂಜಕ, ಸತುಗಳ ಬಗ್ಗೆ ಅವುಗಳ ಮಾತನ್ನು ನಂಬಿ ಗೊಬ್ಬರ ಕೊಳ್ಳಲು ನಾನಂತೂ ಸಿದ್ಧನಿಲ್ಲ, ಅದರಲ್ಲೂ ನಮ್ಮ ಮಣ್ಣಿನ ಮೇಲೆ ಸರಿಹೊಂದಿಸದ ಯಂತ್ರವಾದರೆ.

ಅಂಕಿಯನ್ನು ಶಿಫಾರಸಾಗಿ ಬದಲಿಸುವುದು ಇನ್ನೊಂದು ದೊಡ್ಡ ಕೆಲಸ. ದಶಕಗಳ ಕಾಲ ಯೂರಿಯಾ, ಡಿಎಪಿ ಎರಡನ್ನೇ ಹಂಚಿದ ಇಥಿಯೋಪಿಯಾ 2012ರಿಂದ ತನ್ನ ಮಣ್ಣಿನ ನಕ್ಷೆ ತಯಾರಿಸಿ, ಗಂಧಕ, ಬೋರಾನ್, ಸತುಗಳ ಕೊರತೆ ಕಂಡ ಮೇಲೆ ಗೊಬ್ಬರದ ಮಿಶ್ರಣವನ್ನೇ ಬದಲಿಸಿತು. ನಕ್ಷೆಯಿಂದ ಆಗುವ ಲಾಭ ಅದು. ಆದರೆ ಗದ್ದೆವಾರು ಸಲಹೆ ಕೊಡಲು ಆ ಪ್ರದೇಶದ ಮಣ್ಣಿನಲ್ಲಿ, ಆ ಬೆಳೆಯ ಮೇಲೆ ನಡೆಸಿದ ಪ್ರಯೋಗಗಳ ಆಧಾರ ಬೇಕು. ಮಣ್ಣು ಪರೀಕ್ಷೆಗೂ ಬೆಳೆಯ ಪ್ರತಿಕ್ರಿಯೆಗೂ ಸಂಬಂಧ ಕಲ್ಪಿಸುವ ಅಖಿಲ ಭಾರತ ಯೋಜನೆ 1967–68ರಿಂದ ನಡೆಯುತ್ತಿದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಅದರ ಒಂದು ಕೇಂದ್ರ. ಆ ಯೋಜನೆಯ ಪ್ರಯೋಗಗಳಿಂದ ಬಂದ ಗೊಬ್ಬರ ಲೆಕ್ಕದ ಸಮೀಕರಣಗಳನ್ನು ಬಳಸದೆ, ಪರೀಕ್ಷೆಯ ಅಂಕಿ ಏನೇ ಇರಲಿ ಕೊನೆಯಲ್ಲಿ ಎಲ್ಲರಿಗೂ ಒಂದೇ ಸಾಮಾನ್ಯ ಪ್ರಮಾಣವನ್ನು ಅಚ್ಚು ಹಾಕಿ ಕೊಡುವುದಾದರೆ ಪರೀಕ್ಷೆ ಮಾಡಿದ್ದಾದರೂ ಯಾತಕ್ಕೆ? ಶಿಫಾರಸು ಹೆಕ್ಟೇರಿಗೆ ಇಷ್ಟು ಕಿಲೋ ಸಾರಜನಕ ಎಂಬ ಭಾಷೆಯಲ್ಲಿರದೆ, ಈ ಸರ್ವೆ ನಂಬರಿನ ಮೂವತ್ತು ಗುಂಟೆಗೆ ಯೂರಿಯಾ ಇಷ್ಟು ಮೂಟೆ, ಡಿಎಪಿ ಇಷ್ಟು ಅಥವಾ ಬೇಡ, ಯಾವಾಗ ಯಾವುದು ಎಂದಿರಬೇಕು. 45 ಕಿಲೋ ಯೂರಿಯಾ ಮೂಟೆ 266.50 ರೂಪಾಯಿಗೆ, 50 ಕಿಲೋ ಡಿಎಪಿ 1,350 ರೂಪಾಯಿಗೆ ಸಿಗುವಾಗ ಯೂರಿಯಾ ಹೆಚ್ಚು ಬೀಳುವುದು ಸಹಜ, ಅದನ್ನು ಪರೀಕ್ಷೆಯೊಂದೇ ತಡೆಯಲಾರದು. ಆದರೆ ಡಿಎಪಿಯಲ್ಲಿ ಒಂದು ಮೂಟೆ ಕಡಿಮೆ ಮಾಡಬಹುದೆಂದು ವರದಿ ಹೇಳಿದರೆ ರೈತ ಅದನ್ನು ಡೈರಿಯ ಚೀಟಿಯಷ್ಟೇ ಶ್ರದ್ಧೆಯಿಂದ ಓದುತ್ತಾನೆ. ಪರೀಕ್ಷೆಗೆ ಅಲ್ಪ ಶುಲ್ಕವಿರಲಿ ಎಂದು ನನ್ನ ಅಭಿಪ್ರಾಯ. ವರದಿ ತೋರಿಸದಿದ್ದರೆ ಗೊಬ್ಬರವಿಲ್ಲ ಎಂಬ ಕಡ್ಡಾಯ ಮಾತ್ರ ಖಂಡಿತ ಬೇಡ, ಸುಳ್ಳು ವರದಿಗಳ ವ್ಯಾಪಾರ ಮರುದಿನವೇ ಶುರುವಾಗುತ್ತದೆ.

ಫಲಿತಾಂಶ ನಂಬಲರ್ಹವಾಗಿರಬೇಕಾದರೆ ಪ್ರಯೋಗಾಲಯವನ್ನೂ ಪರೀಕ್ಷಿಸಬೇಕು. ಒಂದೇ ಮಣ್ಣನ್ನು ಎರಡು ಚೀಲ ಮಾಡಿ, ಬೇರೆ ಬೇರೆ ಹೆಸರು ಬರೆದು ಕಳಿಸಿ, ಎರಡು ಬೇರೆ ಉತ್ತರ ಬಂತೆಂದು ನಗುವ ರೈತರು ನಮ್ಮ ಸುತ್ತ ಇದ್ದಾರೆ. ಅವರನ್ನು ಕಿಡಿಗೇಡಿಗಳೆನ್ನಬಾರದು, ಅವರು ಮಾಡಿದ್ದೇ ಸರಿಯಾದ ವೈಜ್ಞಾನಿಕ ಕ್ರಮ. ಆ ಕೆಲಸವನ್ನು ಇಲಾಖೆಯೇ ಮಾಡಬೇಕು: ವಿ.ಸಿ. ಫಾರಂನಲ್ಲಿ ಒಂದು ಮಣ್ಣನ್ನು ಚೆನ್ನಾಗಿ ಬೆರೆಸಿ, ಅಂಕಿಗಳನ್ನು ನಿಗದಿಪಡಿಸಿಟ್ಟುಕೊಂಡು, ಪ್ರತಿ ತಂಡದ ಮಾದರಿಗಳ ನಡುವೆ ಗುರುತು ಸಿಗದಂತೆ ಅದರ ಒಂದು ಚೀಲ ಸೇರಿಸಿ ಕಳಿಸಬೇಕು. ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಕಟ್ಟಿದ ಮಣ್ಣು ಪ್ರಯೋಗಾಲಯಗಳ ಜಾಗತಿಕ ಜಾಲವೂ ದೇಶದಿಂದ ದೇಶಕ್ಕೆ ಅಂಕಿಗಳು ತಾಳೆಯಾಗಲೆಂದು ಇಂಥ ಹೋಲಿಕೆಯನ್ನೇ ನಡೆಸುತ್ತದೆ. ಯಾವ ಪ್ರಯೋಗಾಲಯದ ಉತ್ತರ ಎಷ್ಟು ಹತ್ತಿರ ಬಂತೆಂದು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು.

ಕೊನೆಯದಾಗಿ ಕಾಲದ ಮಾತು. ಬೇಸಿಗೆಯಲ್ಲಿ ನಾಲೆ ನಿಂತು ಗದ್ದೆ ಒಣಗಿರುವ ಏಪ್ರಿಲ್, ಮೇ ತಿಂಗಳುಗಳೇ ಭತ್ತದ ಬಯಲಿನಲ್ಲಿ ಮಣ್ಣು ತೆಗೆಯಲು ತಕ್ಕ ಸಮಯ. ಒಟ್ಲು ಬಿಡುವ ಹೊತ್ತಿಗೆ, ಅಂದರೆ ಜೂನ್ ಕೊನೆಯೊಳಗೆ, ವರದಿ ಕೈಯಲ್ಲಿರಬೇಕು. ನಾಟಿ ಮುಗಿದು ಮೇಲುಗೊಬ್ಬರವೂ ಬಿದ್ದ ಮೇಲೆ ಬರುವ ಕಾರ್ಡಿನಿಂದ ಏನೂ ಪ್ರಯೋಜನವಿಲ್ಲ. ಎರಡೇ ತಿಂಗಳಲ್ಲಿ ಇಡೀ ಜಿಲ್ಲೆಯ ಚೀಲಗಳು ಬಂದು ಬಿದ್ದರೆ ಯಾವ ಪ್ರಯೋಗಾಲಯವೂ ತಡೆದುಕೊಳ್ಳಲಾರದು, ಆದ್ದರಿಂದ ಕಬ್ಬು, ತೆಂಗು, ಹಿಪ್ಪುನೇರಳೆ ತೋಟಗಳ ಸರದಿಯನ್ನು ಬೇರೆ ತಿಂಗಳುಗಳಿಗೆ ಗೊತ್ತುಮಾಡಬೇಕು, ಒಂದು ಊರಿಗೆ ಮೂರು ವರ್ಷಕ್ಕೊಮ್ಮೆ ಸರದಿ ಬಂದರೂ ಸಾಕು. ಮಂಡ್ಯ ಜಿಲ್ಲಾ ಪಂಚಾಯಿತಿ, ಕೃಷಿ ಇಲಾಖೆ ಮತ್ತು ಜಿಲ್ಲಾ ಹಾಲು ಒಕ್ಕೂಟ ಒಟ್ಟಿಗೆ ಕುಳಿತು, ಬರುವ ಬೇಸಿಗೆಯಲ್ಲಿ ಮದ್ದೂರು, ಮಳವಳ್ಳಿ ಕಡೆಯ ನಾಲೆಯ ಕೊನೆ ಭಾಗದ ಎರಡು ಹಾಲಿನ ಮಾರ್ಗಗಳನ್ನು ಆರಿಸಿಕೊಂಡು ಇದನ್ನು ನಡೆಸಿ ನೋಡಲಿ. ಚೀಲ, ಬಾಟಲಿ, ಮೀಟರುಗಳ ಖರ್ಚನ್ನು ಇಲಾಖೆ ಭರಿಸಲಿ, ಮಾದರಿ ತೆಗೆಯುವವರ ಗೌರವಧನವನ್ನು ರೈತರ ಶುಲ್ಕದಿಂದ ಕೊಡಲಿ, ರಾಸಾಯನಿಕಗಳಿಗೆ ಕನಿಷ್ಠ ಐದು ವರ್ಷದ ಹಣವನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇಡಲಿ. ವರದಿಗಳನ್ನು ಅಂಚೆಯಲ್ಲಿ ಕಳಿಸದೆ ಬಟವಾಡೆಯ ದಿನ ಸಂಘದಲ್ಲಿಯೇ ಹಂಚಲಿ, ಆ ದಿನ ಸಹಾಯಕ ಕೃಷಿ ಅಧಿಕಾರಿಯೊಬ್ಬರು ಅಲ್ಲಿ ಕುಳಿತು ಕೇಳಿದವರಿಗೆಲ್ಲ ಓದಿ ಹೇಳಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ ಹಾಗೂ ಬೇಸಾಯಗಾರ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ